ಸೂಜಿಗಣ್ಣು: ಈ ತಿಂಗಳು ಬ್ಲೌಸಿಲ್ಲ, ಬರೀ ಲ್ಯಾಂಕಾಸ್ಟರ್

ಹೋದ ತಿಂಗಳ ಅಂಕಣದ ಕೊನೆಗೆ ಎರಡೇ ಸಾಲು ಬರೆದಿದ್ದೆ. ಮಗಳ ಮನೆಗೆಂದು ನ್ಯೂಜೆರ್ಸಿಗೆ ಬಂದವಳು, ಇಲ್ಲಿ ಕ್ವಿಲ್ಟ್ ಅನ್ನೋ ಪದರದ ಹೊದಿಕೆ ಹೊಲಿಯುವ ಹೆಂಗಸರ ಗುಂಪಿನ ಜೊತೆ ಬಸ್ಸು ಹತ್ತಿ ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಅನ್ನೋ ಆಮಿಶರ ಸೀಮೆಗೆ ಒಂದು ದಿನದ ಮಟ್ಟಿಗೆ ಹೋಗಿಬಂದೆ ಅಂತ. ಬ್ಲೌಸಿನ ಕಂಕುಳ ಕಟಿಂಗ್ ಬಗ್ಗೆ ವರ್ಷಪೂರ್ತಿ ಬರೆದರೂ ಬರದಷ್ಟು ಪತ್ರ ಆ ಎರಡು ಸಾಲಿಗೆ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರಾ ಅದಕ್ಕೇ. ಬ್ಲೌಸಿನವರು ಒಂದು ತಿಂಗಳು ತಡಕೊಳ್ಳಿ.

ಪ್ರ: ಅಮೆರಿಕದಲ್ಲಿ ಇವತ್ತಿಗೂ ಕುದುರೆ ಗಾಡಿಯಲ್ಲಿ ಓಡಾಡುವವರು ಇದ್ದಾರೆಂದರೆ ನಮ್ಮ ಮನೆಯವರು ನಂಬುತ್ತಿಲ್ಲ. ಯಾರು ಈ ಆಮಿಶರು? (ಹುಬ್ಬಳ್ಳಿಯಿಂದ ಒಬ್ಬರು)

ಉ: ನಿಮ್ಮ ಮನೆಯವರಿಗೆ ಹೇಳಿ, ನಮ್ಮ ಬಸ್ಸು ಬರ್ಡ್-ಇನ್-ಹ್ಯಾಂಡ್ ಅನ್ನೋ ಊರಿನ ಹತ್ತಿರ 340ನೇ ನಂಬರಿನ ರಸ್ತೆಯಲ್ಲಿ ಅಂಥ ಒಂದು ಗಾಡಿಯ ಹಿಂದೆ ಹತ್ತು ನಿಮಿಷ ತೆವಳಿತು ಅಂತ. ಬೂದು ಬಣ್ಣದ ಚೌಕ ಡಬ್ಬಿ, ಬೆನ್ನಿಗೆ ಕೇಸರಿ ತ್ರಿಕೋನದ ಫಲಕ, ಮಿನುಗುವ ಕೆಂಪು ದೀಪ. ನಮ್ಮ ಡ್ರೈವರ್ ಒಂದು ಸಲವೂ ಹಾರ್ನ್ ಒತ್ತಲಿಲ್ಲ. ಧಾರವಾಡದ ಸುಭಾಸ ರಸ್ತೆಯಲ್ಲಿ ಬೆಳೆದ ನನಗೆ ಕುದುರೆಗಿಂತ ಅದೇ ಹೆಚ್ಚು ಆಶ್ಚರ್ಯ.

ಇವರು ಕ್ರೈಸ್ತರಲ್ಲೇ ಒಂದು ಪಂಗಡ. ದೊಡ್ಡವರಾಗಿ ತಿಳಿವಳಿಕೆ ಬಂದ ಮೇಲೆಯೇ ದೀಕ್ಷಾಸ್ನಾನ ಆಗಬೇಕು ಅನ್ನೋ ಮತದವರು. ಅದಕ್ಕಾಗಿ ಯುರೋಪಿನಲ್ಲಿ ಬಹಳ ಹಿಂಸೆ ತಿಂದವರು. 1693ರಲ್ಲಿ ಯಾಕೋಬ್ ಅಮ್ಮನ್ ಅನ್ನೋ ಮುಖಂಡ ಸ್ವಿಟ್ಜರ್ಲೆಂಡ್ ಕಡೆಯ, ಅದೇ ಮತದ ಮೆನ್ನೊನೈಟರ ಜೊತೆ ನೇಮ-ನಿಷ್ಠೆಯ ವಿಷಯಕ್ಕೆ ಜಗಳಾಡಿ ಬೇರೆಯಾದ. ಅವನ ಹೆಸರಿನಿಂದಲೇ ಆಮಿಶ್. ಪೆನ್ಸಿಲ್ವೇನಿಯ ಕಟ್ಟಿದ ವಿಲಿಯಂ ಪೆನ್ ತನ್ನ ವಸಾಹತಿನಲ್ಲಿ ದೇವರನ್ನು ಅವರವರ ಮನಸ್ಸಿಗೆ ಬಂದ ಹಾಗೆ ಪೂಜಿಸಿಕೊಳ್ಳಲಿ ಎಂದಿದ್ದ. ಅದನ್ನು ನಂಬಿ ಹದಿನೆಂಟನೇ ಶತಮಾನದಲ್ಲಿ ಹಡಗು ಹತ್ತಿ ಬಂದರು. ತಮಾಷೆ ಏನೆಂದರೆ, ಬಿಟ್ಟುಬಂದ ಯುರೋಪಿನಲ್ಲಿ ಈಗ ಆಮಿಶರೇ ಇಲ್ಲ. ಇಲ್ಲಿ ಅಮೆರಿಕದ ಕಡೆ 4 ಲಕ್ಷದಷ್ಟಾಗಿದ್ದಾರೆ. ಮನೆಯಲ್ಲಿ ಆಡೋದು ಜರ್ಮನ್ನಿನ ಒಂದು ಹಳೇ ಆಡುನುಡಿ, ಪೆನ್ಸಿಲ್ವೇನಿಯ ಡಚ್ ಅಂತ ಹೆಸರು. ಡಚ್ ಅಂದರೆ ಹಾಲೆಂಡಿನದಲ್ಲ, ‘ಡೈಚ್’ ಅನ್ನೋದೇ ಬಾಯಲ್ಲಿ ತಿರುಗಿ ಹಾಗಾಗಿದೆ ಅಂತಾರೆ. ತಮ್ಮವರಲ್ಲದ ಎಲ್ಲರನ್ನೂ ‘ಇಂಗ್ಲಿಷರು’ ಅಂತ ಕರೀತಾರೆ. ಅರವತ್ತಾರು ವರ್ಷಕ್ಕೆ, ಇಳಕಲ್ ಸೀರೆ ಉಟ್ಟು, ನಾನು ಇಂಗ್ಲಿಷಳಾದೆ.

ಪ್ರ: ಕರೆಂಟಿಲ್ಲದೆ ಹೊಲಿಗೆ ಮಶೀನು, ಫ್ರಿಜ್ಜು ಎಲ್ಲ ಹೇಗೆ? (ಶಿವಮೊಗ್ಗದಿಂದ ಒಬ್ಬ ನಿವೃತ್ತ ಇಂಜಿನಿಯರ್)

ಉ: ಸ್ವಾಮಿ, ಅವರು ಬೇಡ ಅಂದಿರೋದು ಊರಿನ ತಂತಿಯನ್ನು. ತಂತಿ ಎಳೆದರೆ ಅದರ ಹಿಂದೆ ಟಿವಿ ಬರುತ್ತೆ, ಟಿವಿ ಹಿಂದೆ ಊರೆಲ್ಲ ಒಳಗೆ ಬರುತ್ತೆ ಅನ್ನೋ ಲೆಕ್ಕ. ಫ್ರಿಜ್ಜು ಗ್ಯಾಸಿನ ಮೇಲೆ ನಡೆಯುತ್ತೆ. ಹೊಲಿಗೆ ಮಶೀನು ಕಾಲಿನಿಂದ ತುಳಿಯುವುದು, ಅಥವಾ ಒತ್ತಿದ ಗಾಳಿಯಿಂದ ಓಡುವುದು. ದೀಪಕ್ಕೆ ಬ್ಯಾಟರಿ. ಫೋನು ಎಷ್ಟೋ ಮನೆಗಳಲ್ಲಿ ಹೊಲದ ಅಂಚಿನ ಒಂದು ಗೂಡಂಗಡಿಯಂಥ ಡಬ್ಬಿಯಲ್ಲಿರುತ್ತೆ. ನಡೆದುಹೋಗಿ ಮಾತಾಡಿ ಬರಬೇಕು. ನಮ್ಮ ಮನೆಯಲ್ಲೂ ಹಾಗೆ ಮಾಡಿದರೆ ಯಾರ ಮಾತು ಎಷ್ಟು ಉಳಿಯುತ್ತಿತ್ತೋ.

ಹೊಲಿಗೆಯವಳ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ: ಹೆಂಗಸರ ಉಡುಪಿನ ಮುಂಭಾಗಕ್ಕೆ ಗುಂಡಿ ಇಲ್ಲ, ಕೊಂಡಿ ಇಲ್ಲ. ಬರೀ ಗುಂಡುಪಿನ್ನು! ಸೇಫ್ಟಿಪಿನ್ನಲ್ಲ, ನಾವು ಕಟಿಂಗಿಗೆ ಚುಚ್ಚುವ ನೇರ ಪಿನ್ನು. ಸಾಲಾಗಿ, ಮೊನೆ ಬಟ್ಟೆಯೊಳಗೆ ಅಡಗಿಸಿ. ಒಂದೂ ಚುಚ್ಚುವುದಿಲ್ಲವೇ ಅಂತ ಕೇಳಬೇಕೆಂದಿದ್ದೆ. ಬಾಯಿ ಬರಲಿಲ್ಲ.

ಪ್ರ: ನಮ್ಮಜ್ಜಿ ಹೊಲಿದ ಕೌದಿ ಇನ್ನೂ ನಮ್ಮ ಮನೆಯಲ್ಲಿದೆ. ಅದನ್ನು ಬಿಟ್ಟು ಅಮೆರಿಕದ ಕ್ವಿಲ್ಟನ್ನು ಹೊಗಳಲು ಹೊರಟಿದ್ದೀರಲ್ಲ. ಎರಡೂ ಒಂದೇ ಅಲ್ಲವೇ? (ಗದಗದಿಂದ, ಸ್ವಲ್ಪ ಸಿಟ್ಟಿನಲ್ಲಿ)

ಉ: ಹೊಗಳಲು ಇನ್ನೂ ಶುರುವೇ ಮಾಡಿರಲಿಲ್ಲ. ಇರಲಿ.

ಎರಡೂ ಒಂದೇ ಅಲ್ಲ. ಕೌದಿ ಹುಟ್ಟೋದು ಹಳೇ ಬಟ್ಟೆಯಿಂದ. ಅಜ್ಜಿ ಸೀರೆ, ಅಜ್ಜನ ಧೋತರ, ಹರಿದ ಕುಬಸ, ಎಲ್ಲ ಪದರ ಪದರ ಹಾಸಿ, ನೆಲದ ಮೇಲೆ ಕೂತು, ಜೋಡಿ ದಾರದಲ್ಲಿ ಒಂದು ಕಡೆಯಿಂದ ಸಾಲುಗಟ್ಟಿ ಟಾಕಾ ಹಾಕುತ್ತ ಬರೋದು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕವಂದಿಯದು ಇನ್ನೊಂದು ದಾರಿ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರ್ತಾರೆ. ನಾಲ್ಕು ಮೂಲೆಗೆ ಮಡಚಿದ ತುಂಡಿನ ‘ಫೂಲ’ ಇಡದಿದ್ದರೆ ಅದು ಬತ್ತಲೆ ಕವಂದಿ ಅಂತಾರೆ.

ಆಮಿಶರ ಕ್ವಿಲ್ಟು ಮೂರು ಪದರ. ಮೇಲೆ ತುಂಡು ಜೋಡಿಸಿದ ಬಟ್ಟೆ, ನಡುವೆ ತೆಳು ಹತ್ತಿ ಹಾಸು, ಕೆಳಗೆ ಅಡಿ ಬಟ್ಟೆ. ಬಟ್ಟೆ ಹೆಚ್ಚಾಗಿ ಹೊಸದೇ. ಮರದ ಚೌಕಟ್ಟಿಗೆ ಮಂಚದ ನವಾರಿನ ಹಾಗೆ ಬಿಗಿದು, ಕುರ್ಚಿ ಹಾಕಿಕೊಂಡು ಸುತ್ತ ಕೂತು ಹೊಲೀತಾರೆ. ಈ ಕಲೆ ಅವರು ಯುರೋಪಿನಿಂದ ತಂದದ್ದೂ ಅಲ್ಲ. ಇಲ್ಲಿಗೆ ಬಂದು ನೂರು ವರ್ಷ ದಾಟಿದ ಮೇಲೆ ‘ಇಂಗ್ಲಿಷ್’ ನೆರೆಯವರಿಂದ ಕಲಿತದ್ದು. ಆದರೆ ಕಲಿತವರು ತಮ್ಮ ನೇಮಕ್ಕೆ ತಕ್ಕ ಹಾಗೆ ಬದಲಾಯಿಸಿಕೊಂಡರು. ಹೂವಿನ ಪ್ರಿಂಟು ಬೇಡ, ಏಕಬಣ್ಣದ ಬಟ್ಟೆ ಮಾತ್ರ. ಲ್ಯಾಂಕಾಸ್ಟರಿನ ಹಳೇ ಕ್ವಿಲ್ಟು ಅಂದರೆ ಉಣ್ಣೆ ಬಟ್ಟೆ, ನಡುವೆ ಒಂದು ದೊಡ್ಡ ವಜ್ರಾಕಾರ, ಸುತ್ತ ಅಗಲ ಅಂಚು, ಅಷ್ಟೇ. ದೂರದಿಂದ ಖಾಲಿ ಅನ್ನಿಸುತ್ತೆ. ಹತ್ತಿರ ಹೋದರೆ ಆ ಖಾಲಿ ಜಾಗದಲ್ಲೆಲ್ಲ ಗರಿ, ಬಳ್ಳಿ, ಉಂಗುರ, ಅದೇ ಬಣ್ಣದ ಇಲ್ಲವೇ ಗಾಢ ದಾರದಲ್ಲಿ, ಎಳ್ಳಿನಷ್ಟು ಸಣ್ಣ ಟಾಕಾ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಅಮೆರಿಕದ ಹಳೇ ಕ್ವಿಲ್ಟುಗಳನ್ನು ಚಿತ್ರಗಳ ಹಾಗೆ ಗೋಡೆಗೆ ತೂಗುಹಾಕಿದರು. ಅದಾದ ಮೇಲೆ ಸಂಗ್ರಹಕಾರರು ಆಮಿಶರ ಮನೆ ಬಾಗಿಲು ತಟ್ಟಿ ಹಾಸಿಗೆ ಮೇಲಿನದನ್ನೇ ಕೊಂಡೊಯ್ದರಂತೆ. 2001ರಲ್ಲಿ ಅಮೆರಿಕದ ಅಂಚೆ ಇಲಾಖೆ ಅದರ ಸ್ಟಾಂಪೂ ತಂದಿತು.

ನಾವು ಹೋದದ್ದು ಏಪ್ರಿಲಿನ ಒಂದು ಸೋಮವಾರ. ಸೋಮವಾರ ಅವರಿಗೆ ಬಟ್ಟೆ ಒಗೆಯುವ ವಾರ. ಮನೆಯ ಹಿಂಬಾಗಿಲಿನಿಂದ ಕೊಟ್ಟಿಗೆಯ ತುದಿಯವರೆಗೆ, ಎರಡಾಳೆತ್ತರದಲ್ಲಿ, ರಾಟೆ ಮೇಲೆ ಓಡುವ ಹಗ್ಗ. ಹಗ್ಗದ ತುಂಬ ಉಡುಪು. ನೇರಳೆ, ಕಡುನೀಲಿ, ಹಸಿರು, ಬದನೆ ಬಣ್ಣ, ಮತ್ತೆ ನೇರಳೆ, ನಡುನಡುವೆ ಕರೀ ಏಪ್ರನ್ನು. ಒಂದರಲ್ಲೂ ಒಂದು ಚುಕ್ಕಿಯಿಲ್ಲ. ಕ್ವಿಲ್ಟಿನ ಆ ಬಣ್ಣ ಎಲ್ಲಿಂದ ಬಂತು ಅಂತ ಯಾರೂ ನನಗೆ ವಿವರಿಸುವ ಅಗತ್ಯ ಉಳಿಯಲಿಲ್ಲ. ಅವರು ಉಡುವುದೇ ಅದು. ಗದಗದ ತಾಯಿ, ನಿಮ್ಮಜ್ಜಿಯ ಕೌದಿಯಲ್ಲೂ ಅಷ್ಟೇ ತಾನೆ? ಅಜ್ಜಿಯ ಪತ್ತಲ ಯಾವ ಬಣ್ಣದ್ದೋ ಕೌದಿ ಅದೇ ಬಣ್ಣದ್ದು. ಈ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ.

ಪ್ರ: ಒಂದು ಹೊದಿಕೆಗೆ ಲಕ್ಷ ರೂಪಾಯಿ ಅಂತ ಕೇಳಿದ್ದೇನೆ. ನಿಜವೇ? ಹೊಲಿದವರಿಗೆ ಅದರಲ್ಲಿ ಎಷ್ಟು? (ಇಳಕಲ್ಲಿನಿಂದ ಒಬ್ಬ ನೇಕಾರರು)

ಉ: ಪ್ರಶ್ನೆ ಕೇಳಬೇಕಾದವರೇ ಕೇಳಿದ್ದೀರಿ. ಇಂಟರ್‌ಕೋರ್ಸ್ ಅನ್ನೋ ಊರಿನ (ನಗಬೇಡಿ, 1814ರಿಂದ ಅದೇ ಹೆಸರು) ಒಂದು ಅಂಗಡಿಯಲ್ಲಿ ನಾನು ಚೀಟಿ ತಿರುಗಿಸಿ ನೋಡಿದ ದೊಡ್ಡ ಹಾಸಿಗೆಯ ಕ್ವಿಲ್ಟಿಗೆ 1,150 ಡಾಲರ್. ಹತ್ತಿರ ಹತ್ತಿರ 1 ಲಕ್ಷವೇ. ಅದಕ್ಕಿಂತ ಮೇಲಿನವೂ ಇದ್ದವು.

ಅದು ಒಬ್ಬಳ ಕೈಕೆಲಸ ಅಂದುಕೊಂಡಿದ್ದೆ. ಅಲ್ಲ. ಅಂಗಡಿಯವಳು ಬಣ್ಣ ಆರಿಸಿ ಬಟ್ಟೆ ಕೊಡ್ತಾಳೆ. ಒಬ್ಬಳು ಕತ್ತರಿಸಿ ಮಶೀನಿನಲ್ಲಿ ತುಂಡು ಜೋಡಿಸ್ತಾಳೆ. ಇನ್ನೊಬ್ಬಳು ಮೇಲೆ ಪೆನ್ಸಿಲಿನಲ್ಲಿ ಬಳ್ಳಿ ಬರೀತಾಳೆ. ಮತ್ತೊಬ್ಬಳು ಕೈಯಲ್ಲಿ ಹೊಲೀತಾಳೆ, ಕೊನೆಗೆ ಯಾರೋ ಅಂಚು ಕಟ್ತಾರೆ. ಒಂದು ಕ್ವಿಲ್ಟು ಮೂರು ನಾಲ್ಕು ಮನೆ ತಿರುಗಿ ಅಂಗಡಿಗೆ ಬರುತ್ತೆ. ನಿಮ್ಮಲ್ಲಿ ನೂಲಿಗೆ ಬಣ್ಣ ಹಾಕುವವರು, ಹಾಸು ಹೂಡುವವರು, ನೇಯುವವರು ಬೇರೆ ಬೇರೆ ಇರುವ ಹಾಗೆ.

ಕೈಹೊಲಿಗೆಯವಳಿಗೆ ಕೂಲಿ ಕೊಡೋದು ದಿನಕ್ಕಲ್ಲ, ಗಂಟೆಗಲ್ಲ, ದಾರದ ಗಜಕ್ಕೆ. ಎಷ್ಟು ಗಜ ದಾರ ಖರ್ಚಾಯಿತೋ ಅಷ್ಟು. ಒಂದು ಕ್ವಿಲ್ಟಿಗೆ ನೂರಾರು ಗಜ ಹೋಗುತ್ತೆ. ಇದನ್ನು ಕೇಳಿದಾಗಿನಿಂದ ನನಗೆ ತಲೆಯಲ್ಲಿ ಒಂದೇ ಲೆಕ್ಕ. ಅಂಗುಲಕ್ಕೆ ಐದು ಟಾಕಾ ಹಾಕಿದರೂ ಹತ್ತು ಹಾಕಿದರೂ ಆ ಗೆರೆಯ ಉದ್ದಕ್ಕೆ ಹೋಗುವ ದಾರ ಹೆಚ್ಚೂಕಡಿಮೆ ಒಂದೇ. ಹೊತ್ತು ಮಾತ್ರ ಇಮ್ಮಡಿ. ಅಂದರೆ ಸಣ್ಣ ಟಾಕಾ ಹಾಕುವವಳಿಗೆ ಆ ಸಣ್ಣತನಕ್ಕೆಂದು ಬೇರೆ ಕಾಸಿಲ್ಲ. ಆದರೂ ಅವಳು ದೊಡ್ಡ ಟಾಕಾ ಹಾಕೋದಿಲ್ಲ. ಹಾಕಿದರೆ ಮುಂದಿನ ಕ್ವಿಲ್ಟು ಅವಳ ಮನೆಗೆ ಬರೋದಿಲ್ಲ.

ಇನ್ನೊಂದು ವಿಷಯ ಅಂಗಡಿ ಬೋರ್ಡುಗಳು ಹೇಳೋದಿಲ್ಲ. ವಿಯೆಟ್ನಾಂ ಯುದ್ಧ ಮುಗಿದ ಮೇಲೆ ಲಾವೋಸಿನಿಂದ ಹ್ಮೊಂಗ್ ಅನ್ನೋ ಬೆಟ್ಟದ ಜನ ನಿರಾಶ್ರಿತರಾಗಿ ಅಮೆರಿಕಕ್ಕೆ ಬಂದರು. ಕೆಲವರು ಲ್ಯಾಂಕಾಸ್ಟರಿಗೂ ಬಂದರು. ಬಟ್ಟೆಯ ಅಂಚು ಮಡಚಿ ಕಾಣದ ಹಾಗೆ ಹೊಲಿಯುವುದರಲ್ಲಿ ಅವರ ಹೆಂಗಸರದು ಎತ್ತಿದ ಕೈ. 1980ರ ದಶಕದಿಂದ ಇಲ್ಲಿನ ಅಂಗಡಿಗಳಿಗೆ ಹೂ-ಎಲೆ ಆಕಾರದ ತುಂಡು ಮೇಲಿಟ್ಟು ಹೊಲಿಯುವ ಕೆಲಸ ಎಷ್ಟೋ ಅವರ ಕೈಯಿಂದಲೇ ಆಗಿದೆ. ಚೀಟಿಯಲ್ಲಿ ಮಾತ್ರ ಅವರ ಹೆಸರಿಲ್ಲ. ನಮ್ಮ ಗುಂಪಿನ ಒಬ್ಬಳಿಗೆ ಇದು ಗೊತ್ತಾಗಿ ‘ಹಾಗಾದರೆ ಇದು ಅಸಲಿ ಅಲ್ಲವೇ?’ ಅಂತ ಮುಖ ಸಪ್ಪೆ ಮಾಡಿಕೊಂಡಳು. ಹೊಲಿಗೆ ಅಸಲಿ, ಚೀಟಿಯ ವಿಷಯ ಬೇರೆ ಅಂದೆ. ಅವಳಿಗೆ ಹಿಡಿಸಲಿಲ್ಲ.

ಪ್ರ: ಟೀಚರ್, ನೀವು ಅಲ್ಲಿ ಕೂತು ಹೊಲಿದಿರಾ? (ಧಾರವಾಡದಿಂದ ನನ್ನ ಹಳೇ ವಿದ್ಯಾರ್ಥಿನಿ)

ಉ: ಹೊಲಿದೆ. ಹೇಳಬಾರದು ಅಂದುಕೊಂಡಿದ್ದೆ, ಆದರೆ ನೀನು ಕೇಳಿದ್ದೀಯ.

ಮಧ್ಯಾಹ್ನ ನಮ್ಮನ್ನು ಹೊಲದ ನಡುವಿನ ಒಂದು ಮನೆಗೆ ಕರೆದೊಯ್ದರು. ಹೊರಗೆ ನಾಲ್ಕು ಹೇಸರಗತ್ತೆ ಕಟ್ಟಿ ಒಬ್ಬ ಹುಡುಗ ನೇಗಿಲು ಹೊಡೆಯುತ್ತಿದ್ದ. ಒಳಗೆ ಕಿಟಕಿಯ ಬೆಳಕಿಗೆ ಚೌಕಟ್ಟು, ಅದರ ಮೇಲೆ ಕಡುನೀಲಿ-ಕೆಂಗಂದು ಚೌಕಗಳು ಸುತ್ತು ಸುತ್ತಾಗಿ ಹರಡಿದ ‘ಬಿಸಿಲು-ನೆರಳು’ ನಮೂನೆ. ಮನೆಯಾಕೆಗೆ ನನ್ನದೇ ವಯಸ್ಸು. ಬಿಳೀ ಟೊಪ್ಪಿಗೆ, ದಪ್ಪ ಕನ್ನಡಕ. ಬಯಸಿದವರು ಅಂಚಿನ ಗೆರೆಯಲ್ಲಿ ನಾಲ್ಕು ಟಾಕಾ ಹಾಕಬಹುದು ಎಂದಳು. ಎಲ್ಲರೂ ನನ್ನನ್ನೇ ಮುಂದೆ ತಳ್ಳಿದರು. ‘ಇಂಡಿಯಾದಲ್ಲಿ ಮೂವತ್ತೊಂದು ವರ್ಷ ಹೊಲಿಗೆ ಟೀಚರ್’ ಅಂತ ಪ್ರಚಾರ ಬೇರೆ.

ಕೊಟ್ಟ ಸೂಜಿ ನನ್ನ ಕಿರುಬೆರಳಿನ ಎರಡು ಗೆಣ್ಣಿನಷ್ಟೂ ಉದ್ದ ಇರಲಿಲ್ಲ. ಹತ್ತನೇ ನಂಬರು. ನಂಬರು ಹೆಚ್ಚಿದಷ್ಟೂ ಸೂಜಿ ಮೋಟು. ಬಲಗೈ ನಡುಬೆರಳಿಗೆ ಅಂಗುಸ್ತಾನ ಹಾಕಿ ಸೂಜಿಯ ಹಿಂಬದಿಯನ್ನು ಅದರಿಂದ ತೊಟ್ಟಿಲು ತೂಗಿದ ಹಾಗೆ ಏಳಿಸಿ ಇಳಿಸಬೇಕು. ಎಡಗೈ ಚೌಕಟ್ಟಿನ ಕೆಳಗೆ. ಮೊನೆ ಕೆಳಗಿನ ಬೆರಳಿಗೆ ತಾಗಿತು ಅಂದರೆ ಮೂರೂ ಪದರ ದಾಟಿತು ಅಂತ ಲೆಕ್ಕ. ಕೂಡಲೇ ಮೇಲಕ್ಕೆ ತಳ್ಳಬೇಕು. ಒಂದೊಂದು ಟಾಕಾಕ್ಕೂ ಒಂದೊಂದು ಚುಚ್ಚು. ಆಕೆ ತನ್ನ ಎಡಗೈ ತೋರುಬೆರಳು ತೋರಿಸಿದಳು. ತುದಿ ಗಟ್ಟಿಯಾಗಿ, ಮೆಣಸಿನ ಪುಡಿ ಉದುರಿಸಿದ ಹಾಗೆ ಕರೀ ಚುಕ್ಕಿ. ನಮ್ಮವ್ವನ ಬೆರಳೂ ಹಾಗೇ ಇತ್ತು.

ಮೂರು ಅಂಗುಲ ಹೊಲಿದೆ. ಬೆವರು ಬಂತು. ಎಣಿಸಿದೆ: ಅಂಗುಲಕ್ಕೆ ಐದು, ಒಂದು ಕಡೆ ಆರು. ಪಕ್ಕದಲ್ಲಿ ಆಕೆಯದು ಹತ್ತು, ಎಲ್ಲಿ ಎಣಿಸಿದರೂ ಹತ್ತು. ಚಪ್ಪಾಳೆ ಬಿತ್ತು, ‘ಬ್ಯೂಟಿಫುಲ್’ ಅಂದರು, ಬಸ್ಸು ಹತ್ತಿದೆವು. ಹತ್ತಿದ ಮೇಲೆ ನೆನಪಾಯಿತು, ಓದುವ ಕನ್ನಡಕ ಒಳಗೇ ಬಿಟ್ಟಿದ್ದೇನೆ.

ಓಡಿಹೋದೆ. ಬಾಗಿಲು ತೆರೆದೇ ಇತ್ತು. ಆಕೆ ಚೌಕಟ್ಟಿನ ಮೇಲೆ ಬಗ್ಗಿ, ಸೂಜಿ ಮೊನೆಯಿಂದ ನನ್ನ ಟಾಕಾ ಒಂದೊಂದೇ ಬಿಚ್ಚುತ್ತಿದ್ದಳು.

ತಲೆ ಎತ್ತಿ ನೋಡಿದಳು. ಕೈ ನಿಲ್ಲಿಸಲಿಲ್ಲ. ‘ಕನ್ನಡಕ ಕಿಟಕಿ ಮೇಲಿದೆ’ ಎಂದಳು. ಆಮೇಲೆ, ದಾರ ಎಳೆಯುತ್ತಲೇ, ‘ನೀವು ಚೆನ್ನಾಗಿ ಹೊಲಿದಿರಿ’ ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಪ್ರದರ್ಶನದ ಹಿಂದಿನ ರಾತ್ರಿ ನಿಮ್ಮ ಕಾಜಾಗಳನ್ನು ಸ್ಟಾಫ್ ರೂಮಿನಲ್ಲಿ ಕೂತು ಬಿಚ್ಚಿ ನಾನೇ ಹೊಲಿಯುತ್ತಿದ್ದೆನಲ್ಲ, ಗೊತ್ತಿತ್ತೇನೇ ನಿಮಗೆ? ಬೆಳಿಗ್ಗೆ ‘ಚೆಂದ ಹೊಲಿದೀರಿ’ ಅಂತಲೂ ಹೇಳುತ್ತಿದ್ದೆ.

ನಿಮ್ಮಲ್ಲಿ ಹೇಗೆ ಹೊಲಿಯುತ್ತೀರಿ ಅಂತ ಕೇಳಿದಳು. ನೆಲದ ಮೇಲೆ ಹಾಸಿ, ಅದರ ಮೇಲೆಯೇ ಕೂತು ಅಂದೆ. ‘ನೆಲದ ಮೇಲೆ! ಮೊಣಕಾಲು?’ ಅಂದಳು. ಹೋಯಿತು ಅಂದೆ. ತನ್ನ ಕತ್ತು ತೋರಿಸಿದಳು. ಅಷ್ಟರಲ್ಲಿ ಬಸ್ಸಿನವನು ಹಾರ್ನ್ ಹೊಡೆದ, ಆ ದಿನದ ಮೊದಲ ಹಾರ್ನು.

ಪ್ರ: ದೇವರೊಬ್ಬನೇ ಪರಿಪೂರ್ಣ ಅಂತ ಆಮಿಶರು ಪ್ರತಿ ಕ್ವಿಲ್ಟಿನಲ್ಲೂ ಬೇಕೆಂದೇ ಒಂದು ತಪ್ಪು ಮಾಡುತ್ತಾರಂತೆ. ಎಷ್ಟು ಸುಂದರ ವಿಚಾರ! (ಮೈಸೂರಿನಿಂದ ಒಬ್ಬರು)

ಉ: ಸುಂದರವೇ. ಆದರೆ ಕ್ವಿಲ್ಟಿನ ಚರಿತ್ರೆ ಬಲ್ಲವರು ಇದನ್ನು ಕಟ್ಟುಕತೆ ಅಂತಾರೆ. ಬೇಕೆಂದು ತಪ್ಪು ಮಾಡೋದು ಅಂದರೆ ಉಳಿದದ್ದೆಲ್ಲ ಸರಿಯಾಗಿದೆ ಅಂತ ಜಂಬ ಕೊಚ್ಚಿಕೊಂಡ ಹಾಗೆ, ಅದು ಆಮಿಶರ ನಡೆಗೇ ಒಗ್ಗದ ಮಾತು. ನನಗೆ ಸಾಕ್ಷಿ ಬೇರೆ ಬೇಕಿಲ್ಲ. ತಪ್ಪು ಬೇಕಾಗಿದ್ದರೆ ನನ್ನ ಮೂರು ಅಂಗುಲ ಅಲ್ಲೇ ಇರುತ್ತಿತ್ತು. ಮದುವೆಗೆ ಬಂದ ಹುಡುಗಿ ಇರುವ ಮನೆಯ ಗೇಟಿಗೆ ನೀಲಿ ಬಣ್ಣ ಹಚ್ಚುತ್ತಾರೆ ಅನ್ನೋದೂ ಇಂಥದ್ದೇ ಇನ್ನೊಂದು.

ಪ್ರ: ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ? (ಉಡುಪಿಯಿಂದ)

ಉ: ನಾನು ಮೆಂತ್ಯೆ ಚಪಾತಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದೆ. ಬಸ್ಸಿನಲ್ಲಿ ಅರ್ಧ ಚಪಾತಿ ಮಾತ್ರ ನನಗೆ ಉಳಿಯಿತು. ಅಲ್ಲಿ ಬಿಸಿ ಪ್ರೆಟ್ಜೆಲ್ (ಗಂಟು ಹಾಕಿದ ಬ್ರೆಡ್ಡು ಅನ್ನಿ) ಧೈರ್ಯವಾಗಿ ತಿನ್ನಿ. ತರಕಾರಿಯ ಸಿಹಿ-ಹುಳಿ ಉಪ್ಪಿನಕಾಯಿ ‘ಚೌಚೌ’ ಚೆನ್ನಾಗಿದೆ. ನಮ್ಮ ಚೌಚೌ ಬಾತಿಗೂ ಅದಕ್ಕೂ ಸಂಬಂಧವಿಲ್ಲ. ‘ಶೂಫ್ಲೈ ಪೈ’ ಅಂತ ಕಾಕಂಬಿಯ ಕಡುಬಿದೆ, ಜೋನಿಬೆಲ್ಲ ತಿಂದು ಬೆಳೆದವರಿಗೆ ತಕ್ಷಣ ಹಿಡಿಸುತ್ತೆ. ಆದರೆ ಅದರ ಹೊರಗಿನ ಹಿಟ್ಟಿಗೆ ಹಂದಿಕೊಬ್ಬು ಕಲೆಸುವ ರೂಢಿ ಉಂಟು, ಕೇಳಿ ತಿನ್ನಿ. ನಾನು ತಿಂದ ಮೇಲೆ ಕೇಳಿದೆ.

ಪ್ರ: ನಾವು ಎಡಿಸನ್ನಿನಲ್ಲಿದ್ದೇವೆ. ಊರಿನಿಂದ ಅತ್ತೆ ಬರುತ್ತಿದ್ದಾರೆ, ಕರೆದುಕೊಂಡು ಹೋಗಲು ಯಾವ ದಿನ ಒಳ್ಳೆಯದು? (ನ್ಯೂಜೆರ್ಸಿಯಿಂದ)

ಉ: ಭಾನುವಾರ ಬೇಡವೇ ಬೇಡ, ಆಮಿಶರ ಅಂಗಡಿ ಒಂದೂ ತೆರೆಯೋದಿಲ್ಲ. ಲ್ಯಾಂಕಾಸ್ಟರ್ ಪಟ್ಟಣದ 1889ರ ಕೆಂಪು ಇಟ್ಟಿಗೆಯ ಸೆಂಟ್ರಲ್ ಮಾರ್ಕೆಟ್ ನೋಡಬೇಕಾದರೆ ಮಂಗಳವಾರ, ಶುಕ್ರವಾರ, ಶನಿವಾರ. ನಾವು ಸೋಮವಾರ ಹೋಗಿ ಅದನ್ನು ಕಳೆದುಕೊಂಡೆವು; ಒಣಹಾಕಿದ ಬಟ್ಟೆ ಸಿಕ್ಕಿದ್ದರಿಂದ ನನಗೆ ದುಃಖವಿಲ್ಲ, ನಿಮ್ಮ ಅತ್ತೆಗೆ ಹೇಗೋ. ಮಾರ್ಚಿನ ಹೊತ್ತಿಗೆ ಹೋದರೆ ಊರೂರಿನ ಅಗ್ನಿಶಾಮಕ ದಳಕ್ಕೆ ಹಣ ಕೂಡಿಸಲು ‘ಮಡ್ ಸೇಲ್’ ನಡೆಸುತ್ತಾರೆ. ಕರಗಿದ ಹಿಮದ ಕೆಸರಿನಲ್ಲಿ ನಿಂತು ಕ್ವಿಲ್ಟು, ಕುದುರೆ, ನೇಗಿಲು ಎಲ್ಲ ಹರಾಜು.

ಫೋನು ಚೀಲದಲ್ಲೇ ಇರಲಿ. ಮುಖದ ಫೋಟೊ ಅವರಿಗೆ ಸಲ್ಲದು, ಅದು ವಿಗ್ರಹ ಮಾಡಿದಂತೆ, ಜಂಬ ಪಟ್ಟಂತೆ ಅನ್ನೋ ನಂಬಿಕೆ. ಮಕ್ಕಳ ಬಟ್ಟೆಗೊಂಬೆಗೂ ಕಣ್ಣು-ಮೂಗು ಬರೆಯೋದಿಲ್ಲ. ನಮ್ಮ ಗುಂಪಿನವಳೊಬ್ಬಳು ಬಸ್ಸಿನ ಕಿಟಕಿಯಿಂದ ಒಂದು ಮಗುವಿನ ಕಡೆ ಫೋನು ಹಿಡಿದಳು. ಸ್ಕೂಟರ್ ತಳ್ಳುತ್ತಿದ್ದ ಆ ಪುಟ್ಟ ಹುಡುಗಿ ಸುಮ್ಮನೆ ಬೆನ್ನು ತಿರುಗಿಸಿ ನಿಂತಳು, ಬಸ್ಸು ದಾಟುವ ತನಕ.

ಪ್ರ: ಅಷ್ಟು ದೂರ ಹೋಗಿ ಏನು ತಂದಿರಿ? (ಇಬ್ಬರು ಮೂವರು ಕೇಳಿದ್ದಾರೆ)

ಉ: ಹತ್ತನೇ ನಂಬರಿನ ಸೂಜಿ ಒಂದು ಪ್ಯಾಕೆಟ್ಟು. ಒಂದೂವರೆ ಗಜ ನೇರಳೆ ಬಟ್ಟೆ. ಒಂದು ಬಾಟಲಿ ಆಪಲ್ ಬಟರ್, ಅದರಲ್ಲಿ ಬೆಣ್ಣೆ ಇರೋದಿಲ್ಲ, ಸೇಬಿನ ಲೇಹ್ಯ ಅನ್ನಿ. ನೇರಳೆ ಬಟ್ಟೆ ನೋಡಿ ಮಗಳು ಕುರ್ತಾ ಆಗುತ್ತೆ ಅಂದಳು. ಅಷ್ಟರಲ್ಲಿ ನಾನು ಕತ್ತರಿಸಿಯಾಗಿತ್ತು. ದಿನಾ ಮಧ್ಯಾಹ್ನ ಕಿಟಕಿ ಪಕ್ಕ ಕೂತು ಒಂದು ಗೇಣು ಹೊಲೀತೇನೆ, ಎಣಿಸ್ತೇನೆ, ಬಿಚ್ಚುತ್ತೇನೆ. ಅಂಗುಲಕ್ಕೆ ಏಳಕ್ಕೆ ಬಂದಿದೆ. ಎಂಟಕ್ಕೆ ಹೋಗಬೇಕಾದರೆ ಕನ್ನಡಕದ ನಂಬರು ಬದಲಾಯಿಸಬೇಕಂತೆ, ಅದನ್ನು ಊರಿಗೆ ಬಂದು ನೋಡಿಕೊಳ್ಳುತ್ತೇನೆ. ಮುಂದಿನ ತಿಂಗಳು ಬ್ಲೌಸಿನ ಕಂಕುಳು.